ಕೂಡಿಟ್ಟ ಮಿಂಚು, ಕೂಡಿಟ್ಟ ಮಾತು

ಸಾರಕ್ಕಿಯ ಕೂಡುರಸ್ತೆಯಲ್ಲಿ ಕಾಲು ಗಂಟೆ ನಿಂತು ನೋಡಿದವರಿಗೆ ನಮ್ಮ ಕಾಲದ ಎರಡು ಹೊಸ ಸಂಗತಿಗಳ ಪರಿಚಯವಾಗುತ್ತದೆ. ಒಂದು, ಹಸಿರು ನಂಬರು ಫಲಕ ಹೊತ್ತು ಸದ್ದಿಲ್ಲದೆ ಓಡಾಡುವ ವಿದ್ಯುತ್ ಗಾಡಿಗಳು. ಇನ್ನೊಂದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅದು ಸವಾರರ ಕೈಯ ಮೊಬೈಲಿನೊಳಗೆ ಕುಳಿತು, ಯಾವ ದಾರಿ ಹಿಡಿಯಬೇಕು, ಎಷ್ಟು ಹೊತ್ತಿಗೆ ತಲುಪಬಹುದು, ಬಾಡಿಗೆ ಎಷ್ಟಾದೀತು ಎಂದು ಲೆಕ್ಕ ಹೇಳುವ ಯಂತ್ರದ ಬುದ್ಧಿ. ಬಲ್ಲವರು ಇದಕ್ಕೆ ಕೃತಕ ಬುದ್ಧಿಮತ್ತೆ ಎಂದು ಹೆಸರಿಟ್ಟಿದ್ದಾರೆ. ಈ ಎರಡನ್ನೂ ಕುರಿತು ಮಾತನಾಡುವವರು ಇವು ನಿನ್ನೆ ಮೊನ್ನೆ ಹುಟ್ಟಿದ ಕೂಸುಗಳೆಂಬಂತೆ ಮಾತನಾಡುವುದುಂಟು. ವಾಸ್ತವವಾಗಿ ಮೊದಲನೆಯದಕ್ಕೆ ನೂರು ದಾಟಿ ಬಹಳ ಕಾಲವಾಯಿತು. ಎರಡನೆಯದಕ್ಕೆ ಎಪ್ಪತ್ತರ ಆಸುಪಾಸು. ಇಷ್ಟು ಕಾಲ ಅವು ಎಲ್ಲಿದ್ದುವು, ಯಾವುದಕ್ಕಾಗಿ ಕಾದಿದ್ದುವು ಎಂಬುದು ಈ ಲೇಖನದ ವಿಷಯ. ಕನ್ನಡ ಪಾಠ ಹೇಳುವವನಿಗೆ ಮೋಟಾರುಗಾಡಿಯ ಗೊಡವೆ ಏಕೆ ಎಂದು ಕೇಳುವವರು ಸ್ವಲ್ಪ ತಾಳ್ಮೆ ವಹಿಸಬೇಕು.

ವಿದ್ಯುಚ್ಛಕ್ತಿಯ ಮಟ್ಟಿಗೆ ನಮ್ಮ ನಾಡು ಹಿಂದುಳಿದದ್ದೇನೂ ಅಲ್ಲ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ೯೨ ಮೈಲಿ ದೂರ ತಂತಿ ಎಳೆದು ವಿದ್ಯುತ್ತನ್ನು ಸಾಗಿಸಿದರು. ಆ ಕಾಲಕ್ಕೆ ಜಗತ್ತಿನಲ್ಲಿಯೇ ಅತಿ ಉದ್ದವಾದ ತಂತಿಗಳಲ್ಲಿ ಅದೊಂದು. ಯೋಜನೆಯನ್ನು ಕೈಗೆತ್ತಿಕೊಂಡ ದಿವಾನ್ ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿಯೇ ತೀರಿಕೊಂಡದ್ದರಿಂದ ಅದು ಕೈಗೂಡಿದ್ದನ್ನು ಕಾಣಲಿಲ್ಲ. ಮೂರು ವರ್ಷ ಕಳೆದು, ೧೯೦೫ರಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತು.

ಆದರೆ ಈ ಶಕ್ತಿಗೆ ಒಂದು ಕೊರತೆಯುಂಟು. ತಂತಿಯಲ್ಲಿ ಹರಿಯುವಾಗ ಉಂಟು, ನಿಂತಾಗ ಇಲ್ಲ. ದೊಡ್ಡ ಹೊಳೆಯಿಲ್ಲದ ಬೆಂಗಳೂರು ಸೀಮೆಯಲ್ಲಿ ನಮ್ಮ ಹಿರಿಯರು ಹರಿಯುವ ಮಳೆನೀರಿಗೆ ಅಡ್ಡಲಾಗಿ ಏರಿ ಕಟ್ಟಿ, ತೂಬು ಇಟ್ಟು, ಹೆಚ್ಚಿದ್ದು ಹೊರಗೆ ಹೋಗಲು ಕೋಡಿ ಬಿಟ್ಟು, ಬೇಸಗೆಗೆ ಬೇಕಾದದ್ದನ್ನು ಕೂಡಿಟ್ಟುಕೊಂಡರು. ಎಂಬತ್ತು ಎಕರೆಗೂ ಮಿಕ್ಕ ವಿಸ್ತಾರದ ಸಾರಕ್ಕಿ ಕೆರೆಯೂ ಆ ಸಾಲಿಗೆ ಸೇರಿದ್ದು. (ಊರಿನ ಹೆಸರಿನಲ್ಲಿ ಸಾರೂ ಇದೆ, ಅಕ್ಕಿಯೂ ಇದೆ ಎಂದು ನನ್ನ ವಿದ್ಯಾರ್ಥಿಗಳು ನಗುತ್ತಾರೆ, ಆ ವ್ಯುತ್ಪತ್ತಿಗೆ ನಾನು ಜವಾಬ್ದಾರನಲ್ಲ.) ನೀರಿಗೆ ಏರಿ ಕಟ್ಟಿದಂತೆ ಮಿಂಚಿಗೆ ಏರಿ ಕಟ್ಟುವುದು ಹೇಗೆ? ವಿದ್ಯುತ್ ಗಾಡಿಯ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಪ್ರಶ್ನೆಗೆ ಮೊದಲ ಉತ್ತರ ದೊರೆತದ್ದು ಫ್ರಾನ್ಸಿನಲ್ಲಿ. ೧೮೫೯ರಲ್ಲಿ ಗಾಸ್ಟೋನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ತಗಡುಗಳನ್ನು ಆಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಿಸಬಹುದಾದ ಬ್ಯಾಟರಿಯನ್ನು ಮಾಡಿದ. ೧೮೮೧ರಲ್ಲಿ ಗುಸ್ತಾವ್ ತ್ರೂವೆ ಎಂಬಾತ ಬ್ಯಾಟರಿಯ ಬಲದಿಂದ ಓಡುವ ಮೂರು ಗಾಲಿಯ ಗಾಡಿಯನ್ನು ಪ್ಯಾರಿಸ್ಸಿನ ಬೀದಿಯಲ್ಲಿ ಓಡಿಸಿ ತೋರಿಸಿದ. ನೆಲದ ಮೇಲೆ ಗಂಟೆಗೆ ನೂರು ಕಿಲೋಮೀಟರು ದಾಟಿದ ಮೊದಲ ಮೋಟಾರುಗಾಡಿ ಪೆಟ್ರೋಲಿನದೆಂದು ಅನೇಕರ ಊಹೆ. ೧೮೯೯ರಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಆ ವೇಗವನ್ನು ಮುಟ್ಟಿದ್ದು ಬ್ಯಾಟರಿಯ ಗಾಡಿಯಲ್ಲಿ. ಮರುವರ್ಷ ಅಮೆರಿಕದಲ್ಲಿ ತಯಾರಾದ ೪,೧೯೨ ಕಾರುಗಳಲ್ಲಿ ೧,೫೭೫ ವಿದ್ಯುತ್ತಿನವು. ಪೆಟ್ರೋಲಿನವು ಸಾವಿರವನ್ನೂ ಮುಟ್ಟಿರಲಿಲ್ಲ. ಪೆಟ್ರೋಲು ಕಾರುಗಳನ್ನು ಮನೆಮನೆಗೂ ಹಂಚಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಅವರೇ ತಮ್ಮ ಓಡಾಟಕ್ಕೆ ೧೯೧೪ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಗಾಡಿಯನ್ನು ಇಟ್ಟುಕೊಂಡಿದ್ದರಂತೆ. ಗಂಡನ ಕಾರ್ಖಾನೆಯ ಗಾಡಿಯನ್ನು ಶುರುಮಾಡಲು ಮುಂದಿನ ಸಲಾಕಿಯನ್ನು ಕೈಯಿಂದ ಗರಗರ ತಿರುಗಿಸಬೇಕಾಗಿತ್ತು. ಆ ಶ್ರಮ ಆಕೆಗೆ ಬೇಡವಾಗಿದ್ದರೆ ಆಶ್ಚರ್ಯವೇನು?

ಈ ಸಲಾಕಿಯ ಕಾಟ ತಪ್ಪಿದ ದಿನವೇ ವಿದ್ಯುತ್ ಕಾರಿನ ಗ್ರಹಗತಿ ಕೆಟ್ಟಿತು. ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರು ಕಂಡುಹಿಡಿದ ಸ್ಟಾರ್ಟರು ಬಂದಿತು. ಅದರಲ್ಲಿದ್ದುದೂ ಒಂದು ಪುಟ್ಟ ಬ್ಯಾಟರಿ, ಒಂದು ಪುಟ್ಟ ವಿದ್ಯುತ್ ಮೋಟಾರು. ತನ್ನ ತಮ್ಮನಿಂದಲೇ ಅಣ್ಣ ಬೀದಿಪಾಲಾದಂತೆ ಆಯಿತು. ಪೆಟ್ರೋಲು ಅಗ್ಗವಾಗಿತ್ತು, ತೊಟ್ಟಿ ತುಂಬಿಸಲು ಐದು ನಿಮಿಷ ಸಾಕಾಗಿತ್ತು. ಸೀಸದ ಬ್ಯಾಟರಿ ಮಣಭಾರ, ತುಂಬಲು ಇಡೀ ರಾತ್ರಿ. ಮೋಟಾರಿನಲ್ಲಿ ದೋಷವಿರಲಿಲ್ಲ. ಗಾಡಿ ಸೋತದ್ದು ಕಣಜ ಚಿಕ್ಕದಾದದ್ದರಿಂದ. ಮುಂದೆ ಎಪ್ಪತ್ತೆಂಬತ್ತು ವರ್ಷ ವಿದ್ಯುತ್ ಗಾಡಿಯೆಂದರೆ ಕಾರ್ಖಾನೆಯ ಒಳಗೆ ಸಾಮಾನು ಹೊರುವ ಬಂಡಿ, ಗಾಲ್ಫ್ ಮೈದಾನದ ಬಂಡಿ, ಇಂಗ್ಲೆಂಡಿನಲ್ಲಿ ಹಾಲು ಹಂಚುವ ಬಂಡಿ, ಇಷ್ಟೇ ಎಂಬಂತಾಯಿತು.

ಇಲ್ಲಿಂದ ಮುಂದಿನ ಕಥೆಗೆ ನಮ್ಮ ಊರೇ ರಂಗಸ್ಥಳ. ಬೆಂಗಳೂರಿನ ಮೈನಿ ಮನೆತನದವರು ಕಾರ್ಖಾನೆಗಳಿಗೆ ಬೇಕಾದ ಸಾಮಗ್ರಿಗಳನ್ನು ತಯಾರಿಸುತ್ತಿದ್ದವರು. ಆ ಮನೆಯ ಮಗ ಚೇತನ್ ಮೈನಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಬಿಸಿಲಿನಿಂದ ಓಡುವ ‘ಸನ್‌ರನ್ನರ್’ ಎಂಬ ಕಾರನ್ನು ಕಟ್ಟಿದ ವಿದ್ಯಾರ್ಥಿಗಳ ತಂಡದಲ್ಲಿದ್ದರು. ೧೯೯೦ರಲ್ಲಿ ಆ ಕಾರು ಅಮೆರಿಕದ ಸೌರಗಾಡಿ ಪಂದ್ಯದಲ್ಲಿ ಮೊದಲನೆಯದಾಗಿ, ಆಸ್ಟ್ರೇಲಿಯಾ ಖಂಡವನ್ನು ದಾಟುವ ಪಂದ್ಯದಲ್ಲಿ ಮೂರನೆಯದಾಗಿ ಬಂದಿತು. ಹುಡುಗುತನದ ಈ ಹುಚ್ಚು ಇಳಿಯಲಿಲ್ಲ. ೧೯೯೪ರಲ್ಲಿ ಕ್ಯಾಲಿಫೋರ್ನಿಯದ ಒಂದು ಸಂಸ್ಥೆಯೊಡನೆ ಸೇರಿ ಬೆಂಗಳೂರಿನಲ್ಲಿ ವಿದ್ಯುತ್ ಕಾರಿನ ಕಂಪನಿ ಸ್ಥಾಪನೆಯಾಯಿತು; ೨೦೦೧ರಲ್ಲಿ ಬೊಮ್ಮಸಂದ್ರದ ಕಾರ್ಖಾನೆಯಿಂದ ‘ರೇವಾ’ ಹೊರಬಂದಿತು. ರೇವಾ ಎಂಬುದು ಚೇತನರ ತಾಯಿಯ ಹೆಸರು. ಸಂಸ್ಕೃತದಲ್ಲಿ ಅದು ನರ್ಮದಾ ನದಿಯ ಹೆಸರೂ ಹೌದು. ಇಮ್ಮಡಿ ಪುಲಿಕೇಶಿ ಉತ್ತರದ ಹರ್ಷನನ್ನು ತಡೆದು ನಿಲ್ಲಿಸಿದ್ದು ಆ ನದಿಯ ದಡದಲ್ಲಿ ಎಂಬುದನ್ನು ಕನ್ನಡಿಗರು ಮರೆತಿಲ್ಲವಷ್ಟೆ. ಚಿಕ್ಕ ಕಾರಿಗೆ ದೊಡ್ಡ ಹೆಸರು.

ಕಾರು ನಿಜಕ್ಕೂ ಚಿಕ್ಕದು. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಗೇರಿಲ್ಲ, ಕ್ಲಚ್ಚಿಲ್ಲ, ಹೊಗೆಯಿಲ್ಲ. ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು ಸೀಟಿನ ಕೆಳಗೆ ಮಲಗಿರುತ್ತಿದ್ದುವು. ನೀರು ಕಾಯಿಸುವ ಬಾಯ್ಲರಿಗೆ ಹಾಕುವಂಥ ಹದಿನೈದು ಆಂಪಿಯರಿನ ಪ್ಲಗ್ಗಿಗೆ ತಗುಲಿಸಿದರೆ ಪೂರ್ತಿ ತುಂಬಲು ಸುಮಾರು ಎಂಟು ಗಂಟೆ. ಆಮೇಲೆ ಎಂಬತ್ತು ಕಿಲೋಮೀಟರಿನಷ್ಟು ಓಟ. ಜಯನಗರ, ಜೆ. ಪಿ. ನಗರಗಳ ಕೆಲವು ಕಾಂಪೌಂಡುಗಳಲ್ಲಿ ಅಂಥ ಕಾರು ನಿಂತಿದ್ದುದನ್ನು ನಾನು ನೋಡಿದ್ದೇನೆ. ಗೋಡೆಯ ಪ್ಲಗ್ಗಿನಿಂದ ಕಾರಿನ ಮೂತಿಯವರೆಗೆ ತಂತಿ ಜೋತಾಡುತ್ತಿದ್ದ ಆ ನೋಟ ಕರುವಿಗೆ ಹಗ್ಗ ಕಟ್ಟಿದಂತೆ ತೋರುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ನಗುತ್ತಿದ್ದರು. ಆಟದ ಸಾಮಾನು ಎನ್ನುತ್ತಿದ್ದರು.

ಊರವರು ನಕ್ಕ ಗಾಡಿಗೆ ಬೆಲೆ ಬಂದದ್ದು ಪರದೇಶದಲ್ಲಿ. ಲಂಡನ್ನಿನ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ೨೦೦೩ರಲ್ಲಿ ದಟ್ಟಣೆಯ ಸುಂಕ ಹಾಕಿದರು. ವಿದ್ಯುತ್ ಕಾರಿಗೆ ವಿನಾಯಿತಿ. ೨೦೦೪ರಿಂದ ನಮ್ಮ ಬೊಮ್ಮಸಂದ್ರದ ಕಾರು ‘ಜಿ-ವಿಜ್’ ಎಂಬ ಹೆಸರಿನಲ್ಲಿ ಅಲ್ಲಿ ಮಾರಾಟವಾಯಿತು. ಅಲ್ಲಿಯೂ ನಗುವವರು ನಕ್ಕರು, ಕೊಳ್ಳುವವರು ಕೊಂಡರು. ರೇವಾ ಕಾರುಗಳು ಅತಿ ಹೆಚ್ಚಾಗಿ ಓಡಿದ ಊರುಗಳೆಂದರೆ ಬೆಂಗಳೂರು ಮತ್ತು ಲಂಡನ್. ಒಟ್ಟು ಲೆಕ್ಕ ಕೆಲವೇ ಸಾವಿರ. ೨೦೧೦ರಲ್ಲಿ ಮಹೀಂದ್ರ ಕಂಪನಿ ಅದರ ಬಹುಪಾಲನ್ನು ಕೊಂಡುಕೊಂಡಿತು. ೨೦೧೩ರಲ್ಲಿ ಲಿಥಿಯಂ ಬ್ಯಾಟರಿಯ ಇನ್ನೊಂದು ಕಾರು ಬಂದಿತು, ಅದೂ ಕೆಲವು ವರ್ಷ ಓಡಿ ನಿಂತಿತು. ರೇವಾ ಸೋತಿತು ಎಂದು ಬರೆಯುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಅದು ಹತ್ತು ವರ್ಷ ಮುಂಚೆ ಬಂದ ಅತಿಥಿ. ಎಲೆ ಹಾಕುವ ಹೊತ್ತಿಗೆ ಎದ್ದು ಹೋಗಬೇಕಾಯಿತು. ಆದರೂ ಅದನ್ನು ಕೊಂಡವರು ಯಾರು ಎಂಬುದನ್ನು ಗಮನಿಸಬೇಕು. ಸ್ವಂತ ಮನೆ, ಕಾಂಪೌಂಡು, ಕಾಂಪೌಂಡಿನೊಳಗೆ ಪ್ಲಗ್ಗು ಇದ್ದವರು. ಈ ಮಾತಿಗೆ ಮತ್ತೆ ಬರುತ್ತೇನೆ.

ಆಮೇಲಿನ ಸಂಗತಿಗಳು ಬೇಗ ಬೇಗ ನಡೆದುವು. ೧೯೯೧ರಲ್ಲಿ ಜಪಾನಿನ ಸೋನಿ ಕಂಪನಿ ಮಾರಾಟಕ್ಕಿಟ್ಟ ಲಿಥಿಯಂ-ಅಯಾನ್ ಬ್ಯಾಟರಿ ಮೊದಲು ಕ್ಯಾಮೆರಾ, ಫೋನುಗಳಲ್ಲಿ ಬೆಳೆದು, ಅಗ್ಗವಾಗಿ, ಗಾಡಿಗೆ ಇಳಿಯಿತು. ಅದನ್ನು ರೂಪಿಸಿದ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ಬಂದಿತು. ೨೦೧೪ರಲ್ಲಿ ಬಿಎಂಟಿಸಿಯವರು ಚೀಣಾದ ಒಂದು ವಿದ್ಯುತ್ ಬಸ್ಸನ್ನು ತರಿಸಿ ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಓಡಿಸಿ ನೋಡಿದರು. ಪ್ರಯೋಗ ಮುಗಿದು ಬಸ್ಸು ಹೊರಟುಹೋಯಿತು, ೨೦೨೧ರಿಂದ ಈಚೆಗೆ ಅಂಥವು ನೂರಾರು ಬಂದಿವೆ. ೨೦೧೭ರಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು; ದೇಶದಲ್ಲಿ ಅದು ಮೊದಲನೆಯದು. ೨೦೧೮ರಲ್ಲಿ ಏಥರ್ ಕಂಪನಿಯ ಸ್ಕೂಟರು ಮೊದಲು ಬೆಂಗಳೂರಿನ ರಸ್ತೆಗೆ ಇಳಿಯಿತು. ಅದೇ ವರ್ಷ ಬೆಸ್ಕಾಂನವರು ಕೆ. ಆರ್. ವೃತ್ತದ ತಮ್ಮ ಕಛೇರಿಯ ಅಂಗಳದಲ್ಲಿ ಗಾಡಿಗೆ ವಿದ್ಯುತ್ ತುಂಬುವ ಮೊದಲ ಕೇಂದ್ರವನ್ನು ತೆರೆದರು. ಇನ್ನೊಂದು ವಿಚಿತ್ರ ನೋಡಿ: ಭೂಗರ್ಭಶೋಧಕರು ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಸುಮಾರು ೧,೬೦೦ ಟನ್ನಿನಷ್ಟು ಲಿಥಿಯಂ ಇದೆಯೆಂದು ಅಂದಾಜು ಮಾಡಿದ್ದಾರೆ. ಶಿವನಸಮುದ್ರವಿರುವುದೂ ಮಂಡ್ಯ ಜಿಲ್ಲೆಯಲ್ಲಿಯೇ. ಹರಿಯುವ ಮಿಂಚೂ ಅದನ್ನು ಕೂಡಿಡುವ ಲೋಹವೂ ಕಬ್ಬಿನ ಗದ್ದೆಗಳ ನೆರೆಯಲ್ಲಿಯೇ ಇದ್ದುವು ಎಂದಾಯಿತು. ಆದರೆ ೧,೬೦೦ ಟನ್ನು ಜಗತ್ತಿನ ಹಸಿವಿಗೆ ಒಂದು ತುತ್ತೂ ಅಲ್ಲ. ಹಿಗ್ಗುವುದಕ್ಕೆ ಅವಸರವಿಲ್ಲ.

ಇನ್ನು ಸಾರಕ್ಕಿಗೆ ಬರೋಣ. ಕನಕಪುರ ರಸ್ತೆಯ ಮೇಲೆ ಕಂಬಗಳನ್ನು ನೆಟ್ಟು, ೨೦೧೭ರ ಜೂನಿನಿಂದ ಮೆಟ್ರೋ ರೈಲು ಓಡುತ್ತಿದೆ. ನಿಲ್ದಾಣದ ಹೆಸರು ಜಯಪ್ರಕಾಶ ನಗರವಾದರೂ ನಿಂತಿರುವುದು ಸಾರಕ್ಕಿಯ ಬಗಲಿನಲ್ಲಿ. ಅದು ವಿದ್ಯುತ್ ಗಾಡಿಯೆಂದು ಯಾರೂ ಎಣಿಸುವುದಿಲ್ಲ. ಬ್ಯಾಟರಿಯ ಹಂಗಿಲ್ಲದೆ ಹಳಿಯ ಪಕ್ಕದ ಕಂಬಿಯಿಂದಲೇ ಶಕ್ತಿಯನ್ನು ಹೀರಿಕೊಳ್ಳುವುದರಿಂದ ಕೂಡಿಡುವ ತಾಪತ್ರಯ ಅದಕ್ಕಿಲ್ಲ. ಸಾರಕ್ಕಿಯ ಬಡವನಿಗೆ ನಿಜವಾಗಿ ದಕ್ಕಿರುವ ವಿದ್ಯುತ್ ವಾಹನ ಇದೇ ಎಂದು ನನ್ನ ಅಭಿಪ್ರಾಯ. ೨೦೨೫ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಇಲ್ಲಿ ಹತ್ತಿ, ರಾಷ್ಟ್ರೀಯ ವಿದ್ಯಾಲಯ ರಸ್ತೆಯಲ್ಲಿ ಬದಲಾಯಿಸಿ, ರೇವಾ ಹುಟ್ಟಿದ ಬೊಮ್ಮಸಂದ್ರಕ್ಕೇ ಹೋಗಿ ಇಳಿಯಬಹುದು. ಆ ಮಾರ್ಗದ ರೈಲುಗಳು ಚಾಲಕನಿಲ್ಲದೆಯೂ ಓಡಬಲ್ಲಂಥವು.

ಮುಖ್ಯ ರಸ್ತೆಯಿಂದ ಒಳಗೆ ಕಾಲಿಟ್ಟರೆ ಹಳೆಯ ಹಳ್ಳಿಯ ಓಣಿಗಳು. ಒಂದು ನಿವೇಶನದ ಮೇಲೆ ಮೂರು ನಾಲ್ಕು ಅಂತಸ್ತು. ಒಂದೊಂದು ಅಂತಸ್ತಿನಲ್ಲಿ ಎರಡು ಬಾಡಿಗೆಯ ಸಂಸಾರ. ಗಾಡಿ ನಿಲ್ಲುವುದು ಬೀದಿಯಲ್ಲಿ. ಎರಡನೆಯ ಮಹಡಿಯಿಂದ ಕಿಟಕಿಯ ಸರಳಿನ ಸಂದಿನಲ್ಲಿ ತಂತಿ ಇಳಿಬಿಟ್ಟು ಕೆಳಗಿನ ಸ್ಕೂಟರಿಗೆ ವಿದ್ಯುತ್ ಕುಡಿಸುವ ಸಾಹಸವನ್ನು ನಾನು ಕಂಡಿದ್ದೇನೆ. ಮಳೆಗಾಲದಲ್ಲಿ ಕಂಡರೆ ಎದೆ ಝಲ್ಲೆನ್ನುತ್ತದೆ. ನನಗೆ ಪರಿಚಯವಿರುವ ಆಟೋ ಚಾಲಕರೊಬ್ಬರು ಎರಡು ವರ್ಷದ ಕೆಳಗೆ ಸಾಲ ಮಾಡಿ ಬ್ಯಾಟರಿಯ ಆಟೋ ಕೊಂಡರು. “ಗಾಡಿ ಚೆನ್ನಾಗೈತೆ ಮೇಷ್ಟ್ರೇ. ಸದ್ದಿಲ್ಲ, ಹೊಗೆಯಿಲ್ಲ, ಸಾಯಂಕಾಲಕ್ಕೆ ಸೊಂಟ ನೋವಿಲ್ಲ. ಆದ್ರೆ ರಾತ್ರಿ ಎಲ್ಲಿ ಕಟ್ಟಾಕಲಿ ಹೇಳಿ? ಎತ್ತಾಗಿದ್ರೆ ಗೂಟ ಹೊಡೆದು ಕಟ್ತಿದ್ದೆ” ಎಂದರು. ಮನೆಯ ಯಜಮಾನರು ಮೀಟರು ತಮ್ಮದೆಂದು ಹೇಳಿ ತಂತಿ ಎಳೆಯಗೊಡುವುದಿಲ್ಲ. ಅವರದೂ ತಪ್ಪೆನ್ನಲಾಗದು, ಹಳೆಯ ಮನೆ, ಹಳೆಯ ವೈರಿಂಗು, ಹತ್ತು ಬಾಡಿಗೆದಾರರು. ಆದುದರಿಂದ ಈ ಮಹಾಶಯರು ರಾತ್ರಿ ಹನ್ನೊಂದರ ಮೇಲೆ ಸರದಿ ಕಡಮೆಯಾದಾಗ ಚಾರ್ಜಿಂಗ್ ಕೇಂದ್ರಕ್ಕೆ ಹೋಗಿ, ಗಾಡಿ ತುಂಬುವವರೆಗೆ ಅದರ ಸೀಟಿನಲ್ಲಿಯೇ ಮುದುಡಿಕೊಂಡು ಮಲಗುತ್ತಾರೆ. ಪೆಟ್ರೋಲು, ಗ್ಯಾಸಿನ ಖರ್ಚು ಉಳಿಯಿತು, ನಿದ್ದೆಯ ಖರ್ಚು ಬಂದಿತು. ಬ್ಯಾಟರಿಯ ಬೆಲೆ ಇಳಿದಿದೆ ನಿಜ. ಅದನ್ನು ತುಂಬಿಸಲು ಬೇಕಾದ ಒಂದು ಮೊಳ ಗೋಡೆಯ ಬೆಲೆ ಬೆಂಗಳೂರಿನಲ್ಲಿ ಇಳಿದಿಲ್ಲ. ಕೆರೆಯ ನೀರು ಊರಿಗೆಲ್ಲ ಸೇರಿದ್ದಾಗಿತ್ತು, ಹಂಚುವುದಕ್ಕೆ ನೀರಗಂಟಿ ಇದ್ದ. ಆ ಕೆರೆಯಂಗಳವನ್ನೂ ಒತ್ತಿಕೊಂಡು ಮನೆ ಕಟ್ಟಿದರು. ೨೦೧೫ರ ಏಪ್ರಿಲಿನಲ್ಲಿ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆಗೆಸಲು ಜಿಲ್ಲಾಡಳಿತ ಬುಲ್ಡೋಜರು ತರಬೇಕಾಯಿತು. ಮಿಂಚಿನ ಕೆರೆಗೆ ನೀರಗಂಟಿ ಯಾರು ಎಂಬುದನ್ನು ಇನ್ನೂ ಯಾರೂ ಗೊತ್ತುಮಾಡಿಲ್ಲ.

ಅದೇ ಚಾಲಕರಿಗೆ ಗಿರಾಕಿಗಳನ್ನು ತೋರಿಸಿಕೊಡುವುದು ಈಗ ಮೊಬೈಲು. ಹಿಂದೆ ಸ್ಟ್ಯಾಂಡಿನಲ್ಲಿ ಸರದಿಯಂತೆ ನಿಂತು ಚೌಕಾಸಿ ಮಾಡುತ್ತಿದ್ದವರು ಈಗ ಪರದೆಯನ್ನು ನೋಡುತ್ತ ಕೂರುತ್ತಾರೆ. ೨೦೨೨ರ ಡಿಸೆಂಬರಿನಲ್ಲಿ ನಗರದ ೫೦ ಕೂಡುರಸ್ತೆಗಳಲ್ಲಿ ಗಾಡಿಯ ನಂಬರನ್ನು ತಾನೇ ಓದಿಕೊಳ್ಳುವ ಕ್ಯಾಮೆರಾಗಳು ಬಂದುವು. ಕೆಂಪು ದೀಪ ದಾಟಿದವರ ಮನೆಗೆ ದಂಡದ ಚೀಟಿ ತಾನೇ ಹೋಗುತ್ತದೆ. ಪೋಲೀಸಿನವರೊಡನೆ “ಸಾರ್, ಒಂದು ಸಲ ಬಿಟ್ಟುಬಿಡಿ” ಎಂದು ಗೋಗರೆಯುವ ಕಲೆ ಇದರಿಂದ ನಶಿಸಿಹೋಗುವ ಸಂಭವವಿದೆ. ಇಲ್ಲಿಯವರೆಗೆ ಯಂತ್ರ ನೋಡಿತು, ಎಣಿಸಿತು. ಮಾತನಾಡಲು ಹೊರಟಾಗ ಅದು ನನ್ನ ಕ್ಷೇತ್ರಕ್ಕೆ ಕಾಲಿಟ್ಟಿತು.

ಯಂತ್ರ ಯೋಚಿಸಬಲ್ಲುದೆ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ೧೯೫೦ರಲ್ಲಿ ಒಂದು ಪ್ರಬಂಧದಲ್ಲಿ ಎತ್ತಿದ. ಕೃತಕ ಬುದ್ಧಿ ಎಂಬ ಹೆಸರಿನಡಿ ವಿದ್ವಾಂಸರು ಸೇರಿದ್ದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ, ೧೯೫೬ರ ಬೇಸಗೆಯಲ್ಲಿ. ಆ ವರ್ಷದ ನವೆಂಬರಿನಲ್ಲಿ ನಮ್ಮ ನಾಡು ಒಂದಾಯಿತು. ಇಬ್ಬರೂ ಒಂದೇ ವಾರಿಗೆಯವರು ಎನ್ನಬಹುದು. ಹತ್ತಿಪ್ಪತ್ತು ವರ್ಷಗಳಲ್ಲಿ ಯಂತ್ರ ಮನುಷ್ಯನಂತೆ ಮಾತನಾಡುವುದೆಂದು ಅವರ ಆಸೆ. ಅದು ಕೈಗೂಡಲಿಲ್ಲ. ೧೯೭೩ರಲ್ಲಿ ಇಂಗ್ಲೆಂಡಿನ ಲೈಟ್‌ಹಿಲ್ ವರದಿ ಇದೆಲ್ಲ ಹುಸಿ ಭರವಸೆ ಎಂಬಂತೆ ಬರೆದ ಮೇಲೆ ಅಲ್ಲಿ ಹಣವೂ ನಿಂತಿತು. ಇಲ್ಲಿಯೂ ಸೋಲಿಗೆ ಕಾರಣ ಕಣಜವೇ. ವ್ಯಾಕರಣದ ಸೂತ್ರಗಳನ್ನು ಯಂತ್ರಕ್ಕೆ ಉಣಿಸಿದರು. ಮಾತು ಸೂತ್ರದಿಂದ ಹುಟ್ಟುವುದಲ್ಲವಾದ್ದರಿಂದ ಹೊಟ್ಟೆ ತುಂಬಲಿಲ್ಲ. ಜನ ಬರೆದ ಕೋಟಿಗಟ್ಟಲೆ ಪುಟಗಳು ಕಂಪ್ಯೂಟರಿನೊಳಗೆ ಸೇರಿದ ಮೇಲೆ, ಒಂದು ಮಾತಿನ ಹಿಂದೆ ಮುಂದೆ ಯಾವ ಮಾತು ಬರುತ್ತದೆಂಬುದನ್ನು ಅವುಗಳಿಂದಲೇ ಕಲಿಸುವ ಉಪಾಯ ಫಲಿಸಿತು. ೨೦೧೭ರಲ್ಲಿ ಗೂಗಲ್ಲಿನ ವಿಜ್ಞಾನಿಗಳು ಸೂಚಿಸಿದ ಒಂದು ಹೊಸ ರಚನೆ ಇದಕ್ಕೆ ರೆಕ್ಕೆ ಕಟ್ಟಿತು. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದು ಲೋಕದ ಬಾಯಲ್ಲಿ ನೆಲಸಿತು.

ಕೂಡಿಟ್ಟ ಮಾತಿನಿಂದ ಮಾತನಾಡುವ ಈ ಯಂತ್ರಕ್ಕೆ ನಮ್ಮ ಭಾಷೆ ಎಷ್ಟು ಮಾತನ್ನು ಕೂಡಿಟ್ಟಿದೆ? ಕನ್ನಡಿಗರು ಕೂಡಿಡದ ಜನವಲ್ಲ. ಕಿಟ್ಟೆಲ್ಲರ ನಿಘಂಟು ಅಚ್ಚಾದದ್ದು ೧೮೯೪ರಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ವಿದ್ವಾಂಸರು ಶಾಸನ, ಕಾವ್ಯಗಳಿಂದ ಚೀಟಿ ಚೀಟಿಯಾಗಿ ಶಬ್ದಗಳನ್ನು ಆರಿಸಿ, ದಶಕಗಳ ಕಾಲ ದುಡಿದು, ೧೯೯೫ರ ವೇಳೆಗೆ ಎಂಟು ಸಂಪುಟಗಳ ನಿಘಂಟನ್ನು ಮುಗಿಸಿದರು. ಆದರೆ ಅವೆಲ್ಲ ಕಾಗದದ ಮೇಲಿನ ಸಂಪತ್ತು. ಯಂತ್ರ ಓದಬಲ್ಲ ಅಕ್ಷರ ಸಂಕೇತದಲ್ಲಿ, ಎಂದರೆ ಯುನಿಕೋಡಿನಲ್ಲಿ, ಕನ್ನಡಕ್ಕೆ ಸ್ಥಾನ ದೊರೆತದ್ದು ೧೯೯೧ರಲ್ಲಿ. ಬಹುಮಂದಿ ಅದನ್ನು ಬಳಸತೊಡಗಲು ಇನ್ನೂ ಹದಿನೈದಿಪ್ಪತ್ತು ವರ್ಷ ಹಿಡಿಯಿತು. ಕನ್ನಡ ವಿಕಿಪೀಡಿಯ ೨೦೦೩ರಲ್ಲಿ ಆರಂಭವಾಯಿತು. ಗೂಗಲ್ ಅನುವಾದದಲ್ಲಿ ಕನ್ನಡ ಸೇರಿದ್ದು ೨೦೧೧ರಲ್ಲಿ. ನಮ್ಮ ಅಚ್ಚಾದ ಪುಸ್ತಕಗಳಲ್ಲಿ ಯಂತ್ರದ ಕಣ್ಣಿಗೆ ಬಿದ್ದಿರುವುದು ಅಲ್ಪ ಭಾಗ. ಮೇಲಾಗಿ, ಈ ಯಂತ್ರಗಳು ಮಾತನ್ನು ತುಣುಕು ತುಣುಕಾಗಿ ಒಡೆದುಕೊಂಡು ಓದುತ್ತವೆ, ತುಣುಕಿನ ಲೆಕ್ಕದಲ್ಲಿ ಹಣ ಕೇಳುತ್ತವೆ. ಇಂಗ್ಲಿಷಿನ ಪದಗಳಿಗೆ ತಕ್ಕಂತೆ ಕತ್ತರಿಯನ್ನು ಮಸೆದಿರುವುದರಿಂದ ಅದೇ ಅರ್ಥದ ಕನ್ನಡ ವಾಕ್ಯ ಅನೇಕ ವೇಳೆ ಹೆಚ್ಚು ತುಣುಕಾಗುತ್ತದೆ. ಕನ್ನಡದಲ್ಲಿ ಕೇಳಿದವನಿಗೆ ಬೆಲೆ ಹೆಚ್ಚು, ಉತ್ತರ ನಿಧಾನ. ಸೀಸದ ಬ್ಯಾಟರಿಯ ರೇವಾ ಕಾರಿನ ಪಾಡು ಈಗ ನಮ್ಮ ಭಾಷೆಯದು ಎಂದರೆ ಅತಿಶಯೋಕ್ತಿಯಾಗದು.

ಇದರ ಪರಿಣಾಮವನ್ನು ನಾನು ದಿನವೂ ಮೇಜಿನ ಮೇಲೆ ಕಾಣುತ್ತೇನೆ. ಕಳೆದ ವರ್ಷ ಬಿ.ಎ. ತರಗತಿಗೆ ‘ನಮ್ಮ ಬೀದಿಯ ಮಾರುಕಟ್ಟೆ’ ಎಂಬ ಪ್ರಬಂಧ ಬರೆಯಲು ಹೇಳಿದೆ. ಬಂದ ಹಾಳೆಗಳಲ್ಲಿ ಒಂಬತ್ತರಲ್ಲಿ ಮಾರುಕಟ್ಟೆಯು ‘ಸಂಪ್ರದಾಯ ಮತ್ತು ಆಧುನಿಕತೆಯ ಸುಂದರ ಸಂಗಮ’ವಾಗಿತ್ತು. ಕಾಗುಣಿತದ ತಪ್ಪಿಲ್ಲ, ವಿಭಕ್ತಿಯ ತಪ್ಪಿಲ್ಲ. ಹಿಂದೆ ಇಂಥ ಹಾಳೆಗಾಗಿ ಉಪಾಧ್ಯಾಯರು ಹಂ‌ಬಲಿಸುತ್ತಿದ್ದರು. ಆದರೆ ಆ ಕನ್ನಡ ಯಾರ ಮನೆಯ ಮಾತೂ ಅಲ್ಲ. ಬೆವರಿಲ್ಲ, ಬೈಗುಳಿಲ್ಲ, ಕೊತ್ತಂಬರಿ ಸೊಪ್ಪಿನ ವಾಸನೆಯಿಲ್ಲ. ಒಬ್ಬ ಹುಡುಗ ಮಾತ್ರ ಕಾಗುಣಿತದ ತಪ್ಪುಗಳ ಸಮೇತ ತಾನೇ ಬರೆದಿದ್ದ. ಸಾರಕ್ಕಿ ಮಾರುಕಟ್ಟೆಯ ಬಳಿ ಹೂ ಮಾರುವ ತನ್ನ ತಾಯಿ ಬೆಳಿಗ್ಗೆ ಅಳೆಯುವ ಮೊಳಕ್ಕೂ ಸಂಜೆ ಹೂ ಬಾಡುವ ಹೊತ್ತಿಗೆ ಅಳೆಯುವ ಮೊಳಕ್ಕೂ ಇರುವ ಅಂತರವನ್ನು ಅವನು ವಿವರಿಸಿದ್ದ. ಬಹುಮಾನವನ್ನು ಅವನಿಗೇ ಕೊಟ್ಟೆ.

ಕುತೂಹಲದಿಂದ ಒಂದು ದಿನ ಅಂಥ ಯಂತ್ರವೊಂದನ್ನು, “ಕನಕಾಂಬರ ಮಾರಿಗೆ ಎಷ್ಟಿದ್ದೀತು?” ಎಂದು ಕೇಳಿದೆ. ಮಾರು ಎಂದರೆ ಎರಡು ಕೈಗಳನ್ನೂ ಚಾಚಿದ ಅಳತೆ ಎಂದು ನಮ್ಮ ಹೂವಿನವರಿಗೆಲ್ಲ ಗೊತ್ತು, ನಿಘಂಟಿನಲ್ಲಿಯೂ ಇದೆ. ಯಂತ್ರ ಬಹಳ ವಿನಯದಿಂದ, ಹೂವನ್ನು ಮಾರಬೇಕೆಂದಿದ್ದರೆ ಯಾವ ಊರಿನಲ್ಲಿ ಮಾರುತ್ತೀರಿ ಎಂದು ನನ್ನನ್ನೇ ಕೇಳಿತು. ತೂಬು, ಕೋಡಿಗಳ ವಿಷಯದಲ್ಲಿ ಅದು ಇನ್ನೂ ಸ್ವಾರಸ್ಯವಾದ ಉತ್ತರಗಳನ್ನು ಕೊಟ್ಟಿತು. ಇದನ್ನು ಹೇಳಿ ನಗುವುದು ಸುಲಭ. ರೇವಾ ನೋಡಿ ನಕ್ಕವರೂ ಇದ್ದರು. ನಾಳೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ತಾಲ್ಲೂಕು ಕಛೇರಿಯಲ್ಲಿ ಮೊದಲು ಮಾತನಾಡಿಸುವುದು ಇಂಥ ಯಂತ್ರವೇ ಆದರೆ, ಹೂವಿನ ಅಜ್ಜಿ ತನ್ನ ಮಾತನ್ನು ಬಿಟ್ಟು ಅದಕ್ಕೆ ತಿಳಿಯುವ ಮಾತನ್ನು ಕಲಿಯಬೇಕಾಗುತ್ತದೆ. ಎಪ್ಪತ್ತು ವರ್ಷದ ಬಾಯಿಗೆ ಅದು ಸಣ್ಣ ಶಿಕ್ಷೆಯಲ್ಲ.

ಕೂಡಿಡುವ ಕೆಲಸ ನಡೆದೇ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ‘ಭಾಷಿಣಿ’ ೨೦೨೨ರಲ್ಲಿ ಆರಂಭವಾಯಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ಲಿನ ಧನಸಹಾಯದಿಂದ ‘ವಾಣಿ’ ಎಂಬ ಯೋಜನೆಯನ್ನು ಕೈಗೊಂಡು, ದೇಶದ ಜಿಲ್ಲೆ ಜಿಲ್ಲೆಯ ಜನರ ಆಡುಮಾತನ್ನು ಧ್ವನಿಮುದ್ರಿಸುತ್ತಿದ್ದಾರೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳ ಜನರಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ, ಗಂಟೆಗೆ ಸುಮಾರು ಐದು ಡಾಲರಿನ ಲೆಕ್ಕದಲ್ಲಿ ಕೂಲಿ ಕೊಟ್ಟದ್ದು ೨೦೨೩ರಲ್ಲಿ ದೊಡ್ಡ ಸುದ್ದಿಯಾಯಿತು. ತಾನಾಡುವ ಕನ್ನಡಕ್ಕೆ ಬೆಲೆಯಿದೆಯೆಂದು ಹಳ್ಳಿಯ ಹೆಂಗಸೊಬ್ಬಳಿಗೆ ರೊಕ್ಕದ ರೂಪದಲ್ಲಿ ತಿಳಿದದ್ದು ನಮ್ಮ ಭಾಷೆಯ ಚರಿತ್ರೆಯಲ್ಲಿ ಬಹುಶಃ ಅದೇ ಮೊದಲು. ಓದಿಸುವ ವಾಕ್ಯಗಳು ಮಾತ್ರ ಇನ್ನೊಬ್ಬರು ಬರೆದವು. ಆಕೆಯ ಸ್ವಂತ ವಾಕ್ಯ ಕಣಜಕ್ಕೆ ಸೇರಬೇಕಾದರೆ ಯಾರಾದರೂ ಕುಳಿತು ಕೇಳಬೇಕು.

ಆದುದರಿಂದ ಈ ವರ್ಷ ಪ್ರಬಂಧವನ್ನು ಕೈಬಿಟ್ಟು ವಿದ್ಯಾರ್ಥಿಗಳನ್ನು ಸಾರಕ್ಕಿ ಮಾರುಕಟ್ಟೆಗೆ ಕಳುಹಿಸಿದೆ. ಪ್ರತಿಯೊಬ್ಬರೂ ನಲವತ್ತು ಮಾತುಗಳನ್ನು, ಆಡಿದ ಹಾಗೆಯೇ, ಆಡಿದ ವಾಕ್ಯದ ಸಮೇತ ತರಬೇಕು. ಸೊಪ್ಪಿನ ಕಟ್ಟಿಗೆ ಎಷ್ಟು ಹೆಸರು, ಕೊಸರು ಕೇಳುವ ಮಾತು ಯಾವುದು, ಮೊದಲ ವ್ಯಾಪಾರಕ್ಕೆ ಬೋಣಿಯೆಂದು ಏಕೆ ಸಾಲ ಕೊಡುವುದಿಲ್ಲ, ಎಲ್ಲ ಬಂದಿವೆ. ಅರ್ಧದಷ್ಟು ತಮಿಳು ತೆಲುಗು ಬೆರೆತಿವೆ. ಹಾಗೆಯೇ ಇರಲಿ ಎಂದಿದ್ದೇನೆ, ಇಲ್ಲಿಯ ಕನ್ನಡ ಇರುವುದೇ ಹಾಗೆ. ಯುನಿಕೋಡಿನಲ್ಲಿ ಬೆರಳಚ್ಚು ಮಾಡುವ ಕೆಲಸ ಎರಡು ವಾರದಿಂದ ನಡೆದಿದೆ. ಹೂವಿನ ಅಜ್ಜಿಯೊಬ್ಬರು ಹುಡುಗಿಯರನ್ನು ಕೂರಿಸಿಕೊಂಡು, “ಬರ್ಕೊಂಡೋಗಿ ಏನ್ ಮಾಡ್ತೀರವ್ವಾ?” ಎಂದರಂತೆ. “ಫೋನಿಗೆ ಕನ್ನಡ ಕಲಿಸ್ತೀವಜ್ಜಿ” ಎಂದಳಂತೆ ಒಬ್ಬಳು. “ಹಂಗಾದ್ರೆ ಚೌಕಾಸಿ ಮಾಡ್ಬ್ಯಾಡ ಅಂತ ಮೊದ್ಲು ಕಲ್ಸು.” ಆ ಮಾತನ್ನೂ ಹುಡುಗಿ ಬರೆದುಕೊಂಡು ಬಂದಿದ್ದಾಳೆ, ಹನ್ನೊಂದನೆಯ ಪುಟದಲ್ಲಿದೆ.